ಕ್ರಿಸ್‌ಮಸ್ ಕೇಕಿನ ಬಾದಾಮಿ ಮಿಠಾಯಿ: ಪ್ಯಾಕೆಟ್ ಬಿಡಿ, ಬಿಡಿ ಬಾದಾಮಿ ತನ್ನಿ

ಮೊದಲೇ ಹೇಳಿಬಿಡುತ್ತೇನೆ. ಕ್ರಿಸ್‌ಮಸ್ ಕೇಕಿಗೆ ಹೊದಿಸುವ ಬಾದಾಮಿ ಮಿಠಾಯಿ, ಅಂದರೆ ಮಾರ್ಜಿಪಾನ್ ಬೇಕು ಅಂತ ಫೋನಿನಲ್ಲಿ ರೆಡಿ ಪ್ಯಾಕೆಟ್ ಹುಡುಕುತ್ತಾ ಕೂತಿದ್ದರೆ, ಫೋನು ಪಕ್ಕಕ್ಕಿಡಿ. ಬಳ್ಳಾರಿಯಲ್ಲೇ ಇದ್ದರೆ ಬೆಂಗಳೂರು ರಸ್ತೆಗೆ ಹೋಗಿ ಮಾಮೂಲಿ ಕ್ಯಾಲಿಫೋರ್ನಿಯಾ ಬಾದಾಮಿ ಕಾಲು ಕಿಲೋ ತನ್ನಿ. ಮನೆಯಲ್ಲಿ ಮಿಕ್ಸಿ ಇದೆ, ಸಕ್ಕರೆ ಇದೆ. ಇನ್ನೇನು ಬೇಕು?

ನಾನು ಕೌಲ್ ಬಜಾರ್ ಕಡೆಯವಳು. ಮನೆಯಲ್ಲೇ ಕೇಕ್ ಮಾಡಿ ಕೊಡುತ್ತೇನೆ. ವರ್ಷವೆಲ್ಲ ಹುಟ್ಟುಹಬ್ಬದ ಕೇಕುಗಳೇ ಜಾಸ್ತಿ. ಡಿಸೆಂಬರ್ ಬಂತೆಂದರೆ ಪ್ಲಮ್ ಕೇಕ್, ಫ್ರೂಟ್ ಕೇಕ್ ಆರ್ಡರ್ ಬರುತ್ತವೆ. ಬಳ್ಳಾರಿ ಕಂಟೋನ್ಮೆಂಟ್ ಇದ್ದ ಊರು. ಹಳೇ ಚರ್ಚುಗಳಿವೆ, ಕ್ರಿಸ್‌ಮಸ್ ಅಂದರೆ ಹೇಗಿರಬೇಕು ಅಂತ ಗೊತ್ತಿರುವ ಹಿರಿಯರಿದ್ದಾರೆ. ನಮ್ಮ ಪಕ್ಕದ ಮನೆ ಆಂಟಿ ಅಂಥವರಲ್ಲಿ ಒಬ್ಬರು. ಅವರ ಆರ್ಡರ್ ಪ್ರತಿ ವರ್ಷ ಒಂದೇ: 'ಕೇಕು ನಿನ್ನಿಷ್ಟದ ಹಾಗೆ ಮಾಡಮ್ಮ, ಆದರೆ ಐಸಿಂಗ್ ಕೆಳಗೆ ಬಾದಾಮಿ ಪದರ ಇರಲೇಬೇಕು. ಗೋಡಂಬಿ ಹಾಕಿ ಬಾದಾಮಿ ಅನ್ನಬೇಡ, ನನಗೆ ಗೊತ್ತಾಗುತ್ತದೆ.' ನಿಜವಾಗಿಯೂ ಅವರಿಗೆ ಗೊತ್ತಾಗುತ್ತದೆ. ಆದ್ದರಿಂದ ಈ ಮಿಠಾಯಿಗೆ ಬೇಕಾಗುವ ಪ್ರತಿಯೊಂದು ಸಾಮಾನನ್ನೂ ತರಿಸಿ, ತಿಂದು, ಲೆಕ್ಕ ಹಾಕಿ ನೋಡಿದ್ದೇನೆ.

ಮಾರ್ಜಿಪಾನ್ ಕೇಳಿರದವರಿಗೆ: ಇದು ನಮ್ಮ ಬಾದಾಮಿ ಬರ್ಫಿಯ ದಾಯಾದಿ. ಬರ್ಫಿಗೆ ತುಪ್ಪ, ಏಲಕ್ಕಿ, ಕೆಲವರ ಮನೆಯಲ್ಲಿ ಹಾಲೂ ಬೀಳುತ್ತದೆ. ಇದಕ್ಕೆ ಬೇಕಾಗಿದ್ದು ಬಾದಾಮಿ, ಸಕ್ಕರೆ ಎರಡೇ. ನುಣ್ಣಗೆ ನಾದಿ, ಲಟ್ಟಿಸಿ ಕೇಕಿನ ಮೇಲೆ ಹೊದಿಸುತ್ತಾರೆ. ಜರ್ಮನಿಯ ಲ್ಯೂಬೆಕ್ ಊರು ಇದಕ್ಕೆ ಹೆಸರುವಾಸಿ. ಅಲ್ಲಿನವರು ಕ್ರಿಸ್‌ಮಸ್‌ಗೆ ಮಾಡುವ ಸ್ಟೊಲನ್ ಎಂಬ ಬ್ರೆಡ್ಡಿನ ಹೊಟ್ಟೆಯೊಳಗೆ ಇದರದೊಂದು ಉದ್ದನೆ ಉಂಡೆ ಇಟ್ಟು ಸುಡುವುದೂ ಉಂಟು. ಗೋವಾ, ಮಂಗಳೂರು ಕಡೆಯ ಕ್ರಿಸ್‌ಮಸ್ ತಿಂಡಿಗಳಲ್ಲೂ ಮಾರ್ಜಿಪಾನ್ ಇರುತ್ತದೆ. ಅಲ್ಲಿ ಗೋಡಂಬಿ ಕೈಗೆಟುಕುವಷ್ಟು ಹತ್ತಿರ, ಹಾಗಾಗಿ ಬಹಳ ಮನೆಗಳಲ್ಲಿ ಗೋಡಂಬಿಯದ್ದೇ. ಅದೂ ರುಚಿಯೇ, ತಪ್ಪೇನಿಲ್ಲ. ಆದರೆ ಆಂಟಿ ಒಪ್ಪಬೇಕಲ್ಲ!

ಈಗ ಪ್ಯಾಕೆಟ್ಟಿನ ವಿಷಯ. ಆನ್‌ಲೈನಿನಲ್ಲಿ ಸಿಗುವ 200 ಗ್ರಾಂ ಪ್ಯಾಕೆಟ್ಟಿಗೆ ನನಗೆ ನಾನೂರು ರೂಪಾಯಿಯ ಹತ್ತಿರ ಬಿತ್ತು. ಹೆಸರು ಹೇಳುವುದಿಲ್ಲ. ಒಂದೇ ಕಂಪನಿಯ ಸಮಸ್ಯೆ ಅಲ್ಲ ಇದು. ಪ್ಯಾಕೆಟ್ಟಿನ ಮುಂದೆ ಬಾದಾಮಿ ರಾಶಿಯ ಚಿತ್ರ. ಹಿಂದೆ ತಿರುಗಿಸಿದರೆ ಸಾಮಗ್ರಿ ಪಟ್ಟಿಯಲ್ಲಿ ಮೊದಲ ಹೆಸರು ಸಕ್ಕರೆ. ನಮ್ಮ ದೇಶದ ಆಹಾರ ಲೇಬಲ್ ನಿಯಮದ ಪ್ರಕಾರ ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು. ಹಾಗಾಗಿ ಈ ಪಟ್ಟಿ ಸುಳ್ಳು ಹೇಳುವುದಿಲ್ಲ, ನಾವು ಓದಬೇಕಷ್ಟೇ. ಮೊದಲು ಸಕ್ಕರೆ, ಆಮೇಲೆ ಬಾದಾಮಿ, ಆಮೇಲೆ ಗ್ಲೂಕೋಸ್ ಸಿರಪ್, ಆಮೇಲೆ ಪರಿಮಳ. ಗ್ಲೂಕೋಸ್ ಕೂಡ ಸಿಹಿಯೇ ಅಲ್ವಾ? ಎರಡೂ ಸಿಹಿ ಕೂಡಿಸಿದರೆ ಬಾದಾಮಿ ಪಾಲು ಎಷ್ಟು ಉಳಿಯಿತು ನೀವೇ ನೋಡಿ. ಕೆಲವು ಪ್ಯಾಕೆಟ್ಟುಗಳಲ್ಲಿ ಬಾದಾಮಿ ಶೇಕಡಾ ಇಷ್ಟು ಅಂತ ಅಂಕಿಯನ್ನೂ ಹಾಕಿರುತ್ತಾರೆ. ಕೊಳ್ಳುವ ಮೊದಲು ಆ ಅಂಕಿ ಹುಡುಕಿ. ಅಂಕಿ ಇಲ್ಲ, ಮೊದಲ ಹೆಸರೂ ಸಕ್ಕರೆ ಅಂದರೆ, ಬಾದಾಮಿ ಚಿತ್ರಕ್ಕೆ ದುಡ್ಡು ಕೊಟ್ಟ ಹಾಗೆ.

ಹೋಲಿಕೆಗೆ ಒಂದು ಅಳತೆ ಇಟ್ಟುಕೊಳ್ಳೋಣ. ಜರ್ಮನಿಯಲ್ಲಿ ಮಾರ್ಜಿಪಾನಿನ ಮೂಲ ಮುದ್ದೆಯಲ್ಲಿ ಸಕ್ಕರೆ ಶೇ. 35 ದಾಟುವಂತಿಲ್ಲ. ಆ ಮುದ್ದೆಗೆ ಆಮೇಲೆ ಬೇಕಾದರೆ ಅದರಷ್ಟೇ ತೂಕದ ಸಕ್ಕರೆ ಸೇರಿಸಿ ಮಾರ್ಜಿಪಾನ್ ಅಂತ ಮಾರಬಹುದು. ಅದಕ್ಕಿಂತ ಜಾಸ್ತಿ ಸೇರಿಸುವಂತಿಲ್ಲ. ಒಳ್ಳೆಯದು ಅಂತ ಹೆಸರು ಮಾಡಿದವರು ಅಷ್ಟೆಲ್ಲ ಸೇರಿಸುವುದೂ ಇಲ್ಲ. ಮನೆಯಲ್ಲಿ ನಾವು ಬಾದಾಮಿಗಿಂತ ಸಕ್ಕರೆ ಸ್ವಲ್ಪ ಕಮ್ಮಿ ಇಟ್ಟು ಮಾಡಿದರೂ ಸಾಕು, ಆ ಪ್ಯಾಕೆಟ್ಟಿಗಿಂತ ಎಷ್ಟೋ ಮೇಲು.

ಆ ಪ್ಯಾಕೆಟ್ಟಿನದರ ರುಚಿ ಹೇಗಿತ್ತು ಅಂತೀರಾ? ಬಾಯಿಗಿಟ್ಟ ಕೂಡಲೇ ಎಸೆನ್ಸ್ ಘಾಟು, ಆಮೇಲೆ ಬರೀ ಸಿಹಿ. ಒಣದ್ರಾಕ್ಷಿ, ಟೂಟಿ ಫ್ರೂಟಿ ಎಲ್ಲ ತುಂಬಿರುವ ಫ್ರೂಟ್ ಕೇಕ್ ಮೊದಲೇ ಸಿಹಿ. ಅದರ ಮೇಲೆ ಇದೊಂದು ಸಿಹಿ, ಇದರ ಮೇಲೆ ಐಸಿಂಗ್ ಇನ್ನೊಂದು ಸಿಹಿ. ಒಂದು ತುಂಡು ತಿಂದರೆ ನೀರು ಕುಡಿಯಬೇಕು. ಕೇಕ್ ಸಾಮಾನಿನ ಅಂಗಡಿಯೊಂದರಲ್ಲಿ ಬಿಡಿಯಾಗಿ ಕೊಟ್ಟ ಬಿಳಿ ಮುದ್ದೆಯಂತೂ ಇನ್ನೂ ಕಡೆ. 'ಮಾರ್ಜಿಪಾನೇ ಅಕ್ಕ' ಅಂದರು. ಲೇಬಲ್ಲೂ ಇಲ್ಲ, ತಾರೀಖೂ ಇಲ್ಲ. ಮೂಸಿ ನೋಡಿ ಅಲ್ಲೇ ವಾಪಸ್ ಇಟ್ಟು ಬಂದೆ.

ಎರಡನೆಯದು ಬಾದಾಮಿ ಹಿಟ್ಟು. ಇದು ಪ್ಯಾಕೆಟ್ ಮಾರ್ಜಿಪಾನಿಗಿಂತ ಎಷ್ಟೋ ವಾಸಿ, ಯಾಕೆಂದರೆ ಒಳಗೆ ಬಾದಾಮಿ ಬಿಟ್ಟು ಬೇರೇನೂ ಇಲ್ಲ. ಸಿಪ್ಪೆ ಸುಲಿಯುವ ಕೆಲಸವೂ ತಪ್ಪುತ್ತದೆ. ಆದರೆ ಎರಡು ವಿಷಯ ನೋಡಿ ಕೊಳ್ಳಿ. ಒಂದು, ಸಿಪ್ಪೆ ಸಮೇತ ಬೀಸಿದ್ದೋ, ಸುಲಿದು ಬೀಸಿದ್ದೋ. ಸಿಪ್ಪೆ ಸಮೇತದ್ದಾದರೆ ಮಿಠಾಯಿಯಲ್ಲಿ ಕಂದು ಚುಕ್ಕೆ, ಬಾಯಿಗೆ ಸ್ವಲ್ಪ ಒಗರು. ಬಿಸ್ಕತ್ತಿಗಾದರೆ ನಡೆಯುತ್ತದೆ, ಬಿಳಿ ಪದರಕ್ಕೆ ನಡೆಯುವುದಿಲ್ಲ. ಎರಡು, ತಯಾರಾದ ತಾರೀಖು. ಬಾದಾಮಿಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆಯೇ. ಇಡೀ ಬಾದಾಮಿಯಲ್ಲಿ ಆ ಎಣ್ಣೆ ಸಿಪ್ಪೆಯೊಳಗೆ ಭದ್ರವಾಗಿರುತ್ತದೆ. ಹಿಟ್ಟು ಮಾಡಿದ ಮೇಲೆ ಗಾಳಿ ತಾಗಿ ಬೇಗ ಕಮಟು ಬರುತ್ತದೆ. ಬಳ್ಳಾರಿ ಬೇಸಿಗೆಯಲ್ಲಿ ಗೋದಾಮಿನಲ್ಲಿ ಕೂತಿದ್ದ ಪ್ಯಾಕೆಟ್ ಡಿಸೆಂಬರಿನಲ್ಲಿ ನಿಮ್ಮ ಮನೆಗೆ ಬಂದರೆ ಅದರ ಗತಿ ಏನಾಗಿರುತ್ತದೆ ಯೋಚಿಸಿ. ನನಗೆ ಬಂದ ಒಂದು ಪ್ಯಾಕೆಟ್ ಹಾಗೇ ಇತ್ತು. ಬಿಚ್ಚಿದ ಕೂಡಲೇ ಹಳೇ ಕೊಬ್ಬರಿ ವಾಸನೆ. ಫೋಟೋ ಹಾಕಿ ಕೇಳಿದೆ, 'ಬಿಚ್ಚಿದ ಪ್ಯಾಕೆಟ್ ವಾಪಸ್ ಇಲ್ಲ' ಅಂತ ಉತ್ತರ. ಬಿಚ್ಚದೆ ವಾಸನೆ ಹೇಗೆ ನೋಡಬೇಕು ಅಂತ ಅವರೂ ಹೇಳಲಿಲ್ಲ.

ಆದ್ದರಿಂದ ಬಿಡಿ ಬಾದಾಮಿ. ಇಲ್ಲಿ ನಾನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ನಾನು ಹೋಗುವುದು ಬೆಂಗಳೂರು ರಸ್ತೆಯ ಒಂದು ಹಳೇ ಡ್ರೈಫ್ರೂಟ್ಸ್ ಅಂಗಡಿಗೆ. ಅಗಲ ಇಲ್ಲ, ಉದ್ದಕ್ಕೆ ಒಳಗೆ ಹೋಗುತ್ತದೆ. ಬಾಗಿಲ ಹತ್ತಿರ ಖರ್ಜೂರ, ಒಳಗೆ ಚೀಲ ಬಾಯಿ ಬಿಚ್ಚಿ ಇಟ್ಟ ಬಾದಾಮಿ, ಗೋಡಂಬಿ, ಅಂಜೂರ. ಅಂಗಡಿ ಭಾಯ್ ಕೇಳುವ ಮೊದಲ ಪ್ರಶ್ನೆ 'ಎಷ್ಟು ಬೇಕು' ಅಲ್ಲ, 'ಏನಕ್ಕೆ ಬೇಕು'. ಈ ಒಂದು ಪ್ರಶ್ನೆಗೇ ನಾನು ಅಂಗಡಿಗೆ ಒಂದು ಸ್ಟಾರ್ ಜಾಸ್ತಿ ಕೊಡುತ್ತೇನೆ. 'ಕೇಕಿಗೆ' ಅಂದೆ. 'ಹಂಗಾದ್ರೆ ಮಾಮ್ರಾ ಬೇಡ ಅಕ್ಕಾ, ಸುಮ್ನೆ ರೊಕ್ಕ ದಂಡ' ಅಂದರು. ಜಾಸ್ತಿ ರೇಟಿನ ಮಾಲು ಬೇಡ ಅನ್ನುವ ವ್ಯಾಪಾರಿ ಎಷ್ಟು ಜನ ಸಿಗುತ್ತಾರೆ ಹೇಳಿ.

ಅವರು ಹೇಳಿದ್ದು ಸರಿ. ಮಾಮ್ರಾ ಅಂದರೆ ಇರಾನ್, ಅಫ್ಘಾನಿಸ್ತಾನ, ಕಾಶ್ಮೀರ ಕಡೆಯ ಬಾದಾಮಿ. ನಡುವೆ ತಗ್ಗು, ಆಕಾರ ಸೊಟ್ಟ, ಎಣ್ಣೆ ಜಾಸ್ತಿ. ನೆನೆಸಿ ತಿನ್ನಲು ಅದರ ರುಚಿಯೇ ಬೇರೆ, ಒಪ್ಪುತ್ತೇನೆ. ರೇಟು ಮಾತ್ರ ಮಾಮೂಲಿ ಬಾದಾಮಿಯ ಎರಡು ಮೂರು ಪಟ್ಟು. ಮಿಕ್ಸಿಗೆ ಹಾಕಿದರೆ ಆ ಜಾಸ್ತಿ ಎಣ್ಣೆಯೇ ತೊಂದರೆ. ಪುಡಿಯಾಗುವ ಮೊದಲೇ ಜಾರಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ಗುರ್‌ಬಂದಿ ಅನ್ನುವ ಚಿಕ್ಕ ಬಾದಾಮಿಯೂ ಇದೆ. ಅದರಲ್ಲಿ ನಡುನಡುವೆ ಕಹಿ ಬಾದಾಮಿ ಸೇರಿರುತ್ತದೆ. ಹಾಗೇ ತಿನ್ನುವಾಗ ಕಹಿ ಸಿಕ್ಕರೆ ಉಗುಳಬಹುದು. ರುಬ್ಬಿದ ಮೇಲೆ ಯಾವುದನ್ನು ಉಗುಳುತ್ತೀರಿ? ಕಹಿ ಬಾದಾಮಿ ಬರೀ ರುಚಿ ಕೆಡಿಸುವುದಲ್ಲ, ಅದರಲ್ಲಿ ಸಯನೈಡ್ ಬಿಡುವ ಅಂಶವೂ ಇರುತ್ತದೆ. ಹಾಗಾಗಿ ಅದು ಕೇಕಿಗೆ ಬೇಡವೇ ಬೇಡ.

ಉಳಿದದ್ದು ಕ್ಯಾಲಿಫೋರ್ನಿಯಾ. ಪ್ರಪಂಚದ ಬಾದಾಮಿಯಲ್ಲಿ ಸುಮಾರು ಶೇ. 80 ಬೆಳೆಯುವುದು ಅಮೆರಿಕದ ಆ ಒಂದೇ ರಾಜ್ಯದಲ್ಲಿ. ಅಲ್ಲಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್ ತನಕ. ಹೊಸ ಮಾಲು ಹಡಗಿನಲ್ಲಿ ಬಂದು, ಇಲ್ಲಿ ಒಡೆದು, ಸೈಜ್ ಬೇರೆ ಮಾಡಿ ಅಂಗಡಿಗೆ ಬರುವ ಹೊತ್ತಿಗೆ ನಮ್ಮ ದೀಪಾವಳಿ ಮುಗಿದಿರುತ್ತದೆ. ಕ್ರಿಸ್‌ಮಸ್ ಕೇಕಿನವರಿಗೆ ಇದು ಅದೃಷ್ಟವೇ ಸರಿ, ಹೊಸ ಬೆಳೆ ಸರಿಯಾದ ಹೊತ್ತಿಗೆ ಸಿಗುತ್ತದೆ. ಅಂಗಡಿಯಲ್ಲಿ 'ಹೊಸ ಮಾಲು ಬಂತಾ?' ಅಂತ ಬಾಯಿಬಿಟ್ಟು ಕೇಳಿ. ಇಲ್ಲದಿದ್ದರೆ ಹಬ್ಬದಲ್ಲಿ ಉಳಿದ ಗಿಫ್ಟ್ ಬಾಕ್ಸಿನ ಬಾದಾಮಿಯೇ ನಿಮ್ಮ ಪಾಲಿಗೆ ಬರಬಹುದು.

ಸೈಜಿನ ಲೆಕ್ಕವೂ ಇದೆ. ಒಂದು ಔನ್ಸ್, ಅಂದರೆ 28 ಗ್ರಾಮಿಗೆ ಎಷ್ಟು ಬಾದಾಮಿ ತೂಗುತ್ತವೆ ಅನ್ನುವುದರ ಮೇಲೆ 20/22, 23/25, 27/30 ಅಂತ ಕರೆಯುತ್ತಾರೆ. ಅಂಕಿ ದೊಡ್ಡದಾದಷ್ಟೂ ಬಾದಾಮಿ ಚಿಕ್ಕದು, ರೇಟೂ ಕಮ್ಮಿ. ದೊಡ್ಡ ಸೈಜು ನೋಡಲು ಚೆಂದ, ಗಿಫ್ಟ್ ಡಬ್ಬಕ್ಕೆ ಸರಿ. ರುಬ್ಬುವವರಿಗೆ ಅದರ ಅಂದ ಕಟ್ಟಿಕೊಂಡು ಏನಾಗಬೇಕು? ಮಧ್ಯದ ಸೈಜು ತಗೊಳ್ಳಿ. ತೀರಾ ಚಿಕ್ಕದಾದರೆ ಸಿಪ್ಪೆ ಸುಲಿಯುವಾಗ ಬೆರಳು ನೋಯುತ್ತದೆ.

ಕೊಳ್ಳುವಾಗ ಒಂದು ಬಾದಾಮಿ ಕೇಳಿ ತಗೊಂಡು ಹಲ್ಲಲ್ಲಿ ಅರ್ಧಕ್ಕೆ ಕಡಿಯಿರಿ. ಟಕ್ ಅಂತ ಮುರಿಯಬೇಕು. ಒಳಗೆ ಹಾಲಿನಷ್ಟು ಬಿಳುಪು ಇರಬೇಕು. ಹಳದಿಗೆ ತಿರುಗಿದ್ದರೆ, ನಡುವೆ ಗಾಜಿನ ಥರ ಪಾರದರ್ಶಕ ಕಂಡರೆ, ಹಳೆಯದು. ನಮ್ಮ ಅಂಗಡಿಯಲ್ಲಿ ಹೀಗೆ ಕಡಿದು ನೋಡಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಈ ಸಲ ನಾನು ಕೊಟ್ಟಿದ್ದು ಕಿಲೋಗೆ ಒಂಬೈನೂರರ ಲೆಕ್ಕ. ಅಂಗಡಿಯ ಬಗ್ಗೆ ತಕರಾರೇ ಇಲ್ಲವಾ ಅಂದರೆ, ಇದೆ. ಗಾಡಿ ನಿಲ್ಲಿಸಲು ಜಾಗವೇ ಇಲ್ಲ. ಸಂಜೆ ಹೋದರೆ ನಿಂತು ಕಾಯಬೇಕು. ಚೀಲಗಳ ಬಾಯಿ ದಿನವಿಡೀ ತೆರೆದೇ ಇರುತ್ತದೆ, ರಸ್ತೆ ಧೂಳು ಬೀಳುವುದಿಲ್ಲ ಅಂತ ಹೇಳಲಾರೆ. ಹೇಗೂ ಬಿಸಿ ನೀರಿಗೆ ಹಾಕಿ ಸುಲಿಯುತ್ತೇವೆ ಅಂತ ನಾನು ಸುಮ್ಮನಿರುತ್ತೇನೆ. ಅಂಜೂರ ಮಾತ್ರ ಅಲ್ಲಿ ತರುವುದಿಲ್ಲ.

ಇನ್ನು ಮಾಡುವುದು. ನೀರು ಚೆನ್ನಾಗಿ ಕುದಿಸಿ, ಬಾದಾಮಿ ಹಾಕಿ ಒಂದೇ ನಿಮಿಷ. ಅದಕ್ಕಿಂತ ಜಾಸ್ತಿ ಬೇಡ. ರಾತ್ರಿಯಿಡೀ ನೆನೆಸುವುದಂತೂ ಬೇಡವೇ ಬೇಡ. ಅದು ಬೆಳಿಗ್ಗೆ ತಿನ್ನುವವರ ಪದ್ಧತಿ. ನೆನೆದ ಬಾದಾಮಿ ನೀರು ಕುಡಿದಿರುತ್ತದೆ, ರುಬ್ಬಿದರೆ ಪುಡಿಯಾಗುವುದಿಲ್ಲ, ಚಟ್ನಿಯಾಗುತ್ತದೆ. ಒಂದು ನಿಮಿಷ ಆದ ಕೂಡಲೇ ಬಸಿದು ತಣ್ಣೀರಿಗೆ ಹಾಕಿ. ಸಿಪ್ಪೆ ನೆರಿಗೆ ನೆರಿಗೆಯಾಗಿ ಸಡಿಲವಾಗುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ದಪ್ಪ ತುದಿ ಹಿಡಿದು ಒತ್ತಿದರೆ, ಬೆಳ್ಳಗಿನ ಬಾದಾಮಿ ಜಾರಿ ಹೊರಗೆ ಹಾರುತ್ತದೆ. ಹಾರುತ್ತದೆ ಅಂದಿದ್ದು ನಿಜವಾಗಿಯೇ. ಇನ್ನೊಂದು ಕೈ ಅಡ್ಡ ಇಟ್ಟುಕೊಳ್ಳಿ, ಇಲ್ಲದಿದ್ದರೆ ಫ್ರಿಜ್ ಕೆಳಗೆ ಹುಡುಕಬೇಕಾಗುತ್ತದೆ. ಕಾಲು ಕಿಲೋದಲ್ಲಿ ಸಿಪ್ಪೆಯ ತೂಕ ಹೋಗುವುದು ಹತ್ತು ಇಪ್ಪತ್ತು ಗ್ರಾಂ ಅಷ್ಟೇ.

ಸುಲಿದ ಬಾದಾಮಿ ಒಣಗಲೇಬೇಕು. ಬಿಳಿ ಪಂಚೆಯ ಮೇಲೆ ಹರಡಿ ಫ್ಯಾನ್ ಕೆಳಗೆ ಬಿಡಿ. ನಮ್ಮ ಬಳ್ಳಾರಿಯ ಒಣ ಹವೆಯನ್ನು ಬೈಯದ ದಿನವಿಲ್ಲ. ಆದರೆ ಈ ಒಂದು ಕೆಲಸಕ್ಕೆ ಅದು ವರ. ಬೆಳಿಗ್ಗೆ ಹರಡಿದರೆ ಸಂಜೆಗೆ ಮುರಿದಾಗ ಮತ್ತೆ ಟಕ್ ಅನ್ನುತ್ತದೆ. ಮಂಗಳೂರಿನಲ್ಲಿರುವ ನನ್ನ ನಾದಿನಿ ಇದೇ ಕೆಲಸಕ್ಕೆ ಓವನ್ ಹಚ್ಚುತ್ತಾಳೆ.

ರುಬ್ಬುವಾಗ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಬ್ಲೇಡು ಬಿಸಿಯಾಗಿ ಬಾದಾಮಿ ಎಣ್ಣೆ ಬಿಡುತ್ತದೆ. ಆಮೇಲೆ ಅದು ಬೆಣ್ಣೆಯಾಯಿತು ಅಂತಲೇ ಲೆಕ್ಕ, ಬ್ರೆಡ್ಡಿಗೆ ಸವರಿಕೊಂಡು ತಿನ್ನಿ. ಒಂದು ಉಪಾಯವಿದೆ. ಅಳತೆ ಸಕ್ಕರೆಯಲ್ಲಿ ಎರಡು ಚಮಚ ತೆಗೆದು ಬಾದಾಮಿ ಜೊತೆಗೇ ಹಾಕಿ. ಸಕ್ಕರೆ ಆ ಎಣ್ಣೆಯನ್ನು ಹೀರಿಕೊಂಡು ಪುಡಿ ಉದುರುದುರಾಗಿ ಇಡುತ್ತದೆ. ದೊಡ್ಡ ಜಾರಿನಲ್ಲಿ ಅರ್ಧ ಮಾತ್ರ ತುಂಬಿ. ಪುಡಿಯನ್ನು ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಮತ್ತೆ ಜಾರಿಗೆ ಹಾಕಿ. ಈ ಕೆಲಸಕ್ಕೆ ಹೊಸ ಮಿಕ್ಸಿ, ಫುಡ್ ಪ್ರೊಸೆಸರ್ ಏನೂ ಬೇಡ. ನಮ್ಮ ಮನೆಯ 750 ವ್ಯಾಟಿನ ಮಾಮೂಲಿ ಮಿಕ್ಸಿಯೇ ಸಾಕಾಗಿದೆ.

ಕಾಲು ಕಿಲೋ ಬಾದಾಮಿ ಪುಡಿಗೆ 200 ಗ್ರಾಂ ಸಕ್ಕರೆ, ಕಾಲು ಲೋಟದಷ್ಟು ನೀರು. ಇಂಗ್ಲಿಷ್ ಪುಸ್ತಕಗಳಲ್ಲಿ ಹಸಿ ಮೊಟ್ಟೆಯ ಬಿಳಿ ಹಾಕಿ ಕಲಸು ಅಂತ ಇರುತ್ತದೆ. ನಾನು ಹಾಕುವುದಿಲ್ಲ. ಬೇಯಿಸದ ಮೊಟ್ಟೆ, ಮೇಲೆ ಬೇಯಿಸದ ಐಸಿಂಗ್, ಅದನ್ನು ಮಕ್ಕಳು ಮುದುಕರು ಎಲ್ಲ ತಿನ್ನುತ್ತಾರೆ. ಆ ಭಯ ಯಾಕೆ? ಅಲ್ಲದೆ ನನ್ನ ಗಿರಾಕಿಗಳಲ್ಲಿ ಅರ್ಧ ಜನ ಮೊಟ್ಟೆ ಇಲ್ಲದ ಕೇಕನ್ನೇ ಕೇಳುವವರು. ಸಕ್ಕರೆ ನೀರು ಕುದಿಸಿದ ಪಾಕದಲ್ಲಿ ಮಾಡಿದರೆ ಎರಡು ಕಡೆಯವರಿಗೂ ಒಂದೇ ಮಿಠಾಯಿ ಆಗುತ್ತದೆ.

ಪಾಕದ ವಿಷಯಕ್ಕೆ ಬಂದರೆ ಥರ್ಮಾಮೀಟರ್ ಬಗ್ಗೆ ಹೇಳಲೇಬೇಕು. ಐನೂರು ಆರುನೂರು ರೂಪಾಯಿಗೆ ಸಿಗುವ, ಕಡ್ಡಿ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ನನ್ನ ಹತ್ತಿರ ಇದೆ. ಕೊಂಡವರಲ್ಲಿ ಬಹಳ ಜನ 'ಕುದಿಯುವ ನೀರಿಗೆ ಹಾಕಿದರೆ 100 ತೋರಿಸುವುದಿಲ್ಲ, ಡಿಫೆಕ್ಟ್' ಅಂತ ಬೈದು ವಾಪಸ್ ಕಳಿಸುತ್ತಾರೆ. ಸ್ವಲ್ಪ ತಡೀರಿ. ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 500 ಮೀಟರ್ ಮೇಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ, ನೀರು ಬೇಗ ಕುದಿಯುತ್ತದೆ. ನಮ್ಮಲ್ಲಿ ಅದು ಕುದಿಯುವುದೇ 98 ಡಿಗ್ರಿ ಚಿಲ್ಲರೆಗೆ. ಹಾಗಾಗಿ 98 ತೋರಿಸಿದರೆ ಥರ್ಮಾಮೀಟರ್ ಸರಿಯಾಗಿದೆ ಅಂತ ಅರ್ಥ. ಪುಸ್ತಕದಲ್ಲಿ ಮಾರ್ಜಿಪಾನಿಗೆ 115 ಅಂತ ಇದ್ದರೆ ನಾವು 113ಕ್ಕೆ ಇಳಿಸಬೇಕು. ಬೆಂಗಳೂರಿನವರು ಇನ್ನೂ ಒಂದೂವರೆ ಡಿಗ್ರಿ ಕಳೆಯಬೇಕು. ಈ ಲೆಕ್ಕ ಗೊತ್ತಿಲ್ಲದೆ ಪಾಕ ಗಟ್ಟಿಯಾಗಿ, ಮಿಠಾಯಿ ಪುಡಿಪುಡಿಯಾಗಿ, ಬೈಗುಳ ಬಾದಾಮಿಗೆ ಬೀಳುತ್ತದೆ.

ಮಾರ್ಜಿಪಾನಿಗಷ್ಟೇ ಅಂದರೆ ಥರ್ಮಾಮೀಟರ್ ಬೇಕೇ ಬೇಕು ಅಂತಿಲ್ಲ. ಪಾಕದ ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತನೆ ಉಂಡೆ ಆಗಬೇಕು. ನಮ್ಮ ಅತ್ತೆ ಉಂಡೆ ಪಾಕವನ್ನು ಗುಳ್ಳೆ ನೋಡಿಯೇ ಹೇಳುತ್ತಾರೆ. ಅವರು 'ಇಳಿಸು' ಅಂದಾಗ ಕಡ್ಡಿ ಇಟ್ಟು ನೋಡಿದರೆ ಅಂಕಿ ಸರಿಯಾಗಿ ಅಲ್ಲಿಗೇ ಬಂದಿರುತ್ತದೆ. ಆದರೆ ಅತ್ತೆ ಊರಲ್ಲಿಲ್ಲದ ದಿನವೂ ಆರ್ಡರ್ ಬರುತ್ತದಲ್ಲ, ಅದಕ್ಕೆ ಕಡ್ಡಿ ಇರಲಿ.

ಒಲೆ ಆರಿಸಿ ಪುಡಿಯನ್ನು ಒಮ್ಮೆಲೇ ಸುರಿದು ಮರದ ಸೌಟಿನಲ್ಲಿ ತಿರುವಿ. ಮೊದಲಿಗೆ ಸಡಿಲ, ತರಿತರಿ. ಕೆಟ್ಟಿತು ಅನಿಸುತ್ತದೆ, ಹೆದರಬೇಡಿ. ಚಿಟಿಕೆ ಉಪ್ಪು, ಒಂದು ಚಮಚ ಗುಲಾಬಿ ನೀರು ಹಾಕಿ ತಟ್ಟೆಗೆ ಸುರಿದು, ಕೈಗೆ ತಡೆಯುವಷ್ಟು ಆರಿದ ಮೇಲೆ ನಾದಲು ಶುರು ಮಾಡಿ. ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಅಂಚೆಲ್ಲ ಒಡೆಯುತ್ತಿರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮುದ್ದೆಯ ಮೈಗೆ ಸಣ್ಣ ಹೊಳಪು ಬರುತ್ತದೆ. ಬಿರುಕು ಮುಚ್ಚಿಕೊಳ್ಳುತ್ತದೆ, ಬೆರಳಿಗೆ ಅಂಟುವುದು ನಿಲ್ಲುತ್ತದೆ, ಒತ್ತಿದ ಗುರುತು ಹಾಗೇ ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ಹುರುಪಿನಲ್ಲಿ ಇನ್ನೂ ನಾದಿದರೆ ಎಣ್ಣೆ ಮೇಲೆ ಬಂದು ಜಿಡ್ಡಾಗುತ್ತದೆ.

ಎಸೆನ್ಸ್ ಬಗ್ಗೆ ಒಂದು ಮಾತು. ಮನೆಯಲ್ಲಿ ಮಾಡಿದ್ದನ್ನು ತಿಂದು ಕೆಲವರು 'ಬಾದಾಮಿ ಪರಿಮಳವೇ ಇಲ್ಲ' ಅನ್ನುತ್ತಾರೆ. ಅವರ ಮೂಗಿಗೆ ರೂಢಿಯಾಗಿರುವುದು ಕಹಿ ಬಾದಾಮಿ, ಏಪ್ರಿಕಾಟ್ ಬೀಜಗಳಲ್ಲಿ ಹುಟ್ಟುವ ಬೆಂಜಾಲ್ಡಿಹೈಡ್ ಅನ್ನುವ ವಸ್ತುವಿನ ವಾಸನೆ. ಎಸೆನ್ಸ್ ಬಾಟಲಿಯಲ್ಲಿ ಇರುವುದೂ ಅದೇ. ನಾವು ತಿನ್ನುವ ಸಿಹಿ ಬಾದಾಮಿಯಲ್ಲಿ ಅದು ಇಲ್ಲದಷ್ಟೇ ಕಮ್ಮಿ. ಬೇಕೇ ಬೇಕು ಅಂದರೆ ಕಾಲು ಕಿಲೋಗೆ ಎರಡು ಹನಿ. ಮೂರನೇ ಹನಿ ಬಿದ್ದರೆ ಕೆಮ್ಮಿನ ಔಷಧಿ ನೆನಪಾಗುತ್ತದೆ. ಆಂಟಿ ಕೇಕಿಗೆ ಒಂದು ಹನಿ ಹಾಕುತ್ತೇನೆ, ಮಿಕ್ಕವರಿಗೆ ಗುಲಾಬಿ ನೀರೇ ಸಾಕು.

ಲೆಕ್ಕಕ್ಕೆ ಬರೋಣ. ಬಾದಾಮಿ 225 ರೂಪಾಯಿ, ಸಕ್ಕರೆ ಹತ್ತು, ಗ್ಯಾಸು ಗುಲಾಬಿ ನೀರು ಇನ್ನೊಂದು ಹತ್ತು. ಸಿಗುವುದು ಹತ್ತಿರ ಹತ್ತಿರ 450 ಗ್ರಾಂ. ಪ್ಯಾಕೆಟ್ಟಿನ ರೇಟಿನಲ್ಲಿ ಅಷ್ಟು ತೂಕಕ್ಕೆ ಒಂಬೈನೂರು ಆಗುತ್ತಿತ್ತು. ಒಂದು ಕಿಲೋ ಕೇಕಿನ ಮೇಲ್ಭಾಗಕ್ಕೆ ಮಾತ್ರ ಅಂದರೆ ಕಾಲು ಕಿಲೋ ಮಿಠಾಯಿ ಸಾಕು. ಸುತ್ತಲೂ ಹೊದಿಸಬೇಕೆಂದರೆ ಅದರ ಎರಡರಷ್ಟಕ್ಕಿಂತಲೂ ಜಾಸ್ತಿ ಬೇಕಾಗುತ್ತದೆ. ಕೇಕಿಗೆ ಮೊದಲು ಜಾಮ್ ಬಿಸಿ ಮಾಡಿ ತೆಳ್ಳಗೆ ಸವರಿ, ಆಗ ಪದರ ಕೂರುತ್ತದೆ. ಹೊದಿಸಿದ ಮೇಲೆ ಒಂದೆರಡು ದಿನ ಒಣಗಲು ಬಿಟ್ಟೇ ಬಿಳಿ ಐಸಿಂಗ್ ಹಾಕಿ. ಅವಸರ ಮಾಡಿದರೆ ಬಾದಾಮಿ ಎಣ್ಣೆ ಮೇಲಕ್ಕೆ ಹತ್ತಿ ಐಸಿಂಗ್ ಮೇಲೆ ಹಳದಿ ಕಲೆ ಮೂಡುತ್ತದೆ. ಉಳಿದ ಮುದ್ದೆಯನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿ ತಾಗದ ಹಾಗೆ ಸುತ್ತಿ ಡಬ್ಬಕ್ಕೆ ಹಾಕಿಟ್ಟರೆ ಫ್ರಿಜ್ಜಿನಲ್ಲಿ ಎರಡು ಮೂರು ವಾರ ಇರುತ್ತದೆ. ಚಿಕ್ಕ ಚಿಕ್ಕ ತುಂಡು ಮಾಡಿ ಬಿಸ್ಕತ್ತಿನ ಹಿಟ್ಟಿಗೆ ಸೇರಿಸಿ ಸುಟ್ಟರೆ, ಕಚ್ಚಿದಾಗ ನಡುವೆ ಮೆತ್ತಗೆ ಸಿಗುತ್ತದೆ. ನಮ್ಮ ಮನೆಯಲ್ಲಿ ಕೇಕಿಗಿಂತ ಮೊದಲು ಖಾಲಿಯಾಗುವುದು ಅದೇ.

ಅದೇ ಬಾದಾಮಿಯಲ್ಲಿ ಗಟ್ಟಿ ಮಿಠಾಯಿಯನ್ನೂ ಮಾಡುತ್ತೇನೆ. ಬೆಲ್ಲದ ಬದಲು ಸಕ್ಕರೆಯ ಚಿಕ್ಕಿ ಅನ್ನಿ. ಇದಕ್ಕೆ ಸಿಪ್ಪೆ ಸುಲಿಯುವುದು ಬೇಡ. ಬಾದಾಮಿ ಹುರಿದು ಒಡ್ಡೊಡ್ಡಾಗಿ ಕತ್ತರಿಸಿ, ಸಕ್ಕರೆ ಪಾಕವನ್ನು 150ರ ಹತ್ತಿರ ತಂದು, ಒಂದು ಚಮಚ ಬೆಣ್ಣೆ ಹಾಕಿ, ಎಣ್ಣೆ ಸವರಿದ ಅಡುಗೆ ಕಟ್ಟೆಯ ಕಲ್ಲಿನ ಮೇಲೆ ಸುರಿದು ಲಟ್ಟಿಸುವುದು. ಆರಿದ ಮೇಲೆ ಕುಟ್ಟಿ ಪುಡಿ ಮಾಡಿ ಕೇಕಿನ ಮೇಲೆ ಉದುರಿಸಿದರೆ ಕರುಂ ಕುರುಂ ಅನ್ನುತ್ತದೆ. ಇಲ್ಲಿ ಮಾತ್ರ ಥರ್ಮಾಮೀಟರ್ ಇಟ್ಟುಕೊಳ್ಳಿ. 150 ದಾಟಿ ಕರಟುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಮಕ್ಕಳನ್ನು ಅಡುಗೆ ಮನೆಯಿಂದ ಹೊರಗಿಡಿ, ಆ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ.

ರೆಡಿ ಪ್ಯಾಕೆಟ್ ಯಾರಿಗೂ ಬೇಡವಾ ಅಂದರೆ, ಒಂದು ಕೆಲಸಕ್ಕೆ ಬೇಕು. ಮಾರ್ಜಿಪಾನಿನಲ್ಲಿ ಪುಟ್ಟ ಹಣ್ಣು, ಹೂವು, ಬೊಂಬೆ ಮಾಡಿ ಕೇಕಿನ ಮೇಲೆ ಕೂರಿಸುವವರಿದ್ದಾರೆ. ಕೊಪ್ಪಳದ ಕಿನ್ನಾಳದಲ್ಲಿ ಮರದ ಬೊಂಬೆ ಮಾಡುವವರ ಕೈ ನನಗಿದ್ದಿದ್ದರೆ ನಾನೂ ಮಾಡುತ್ತಿದ್ದೆ. ಬೊಂಬೆಗೆ ಸಕ್ಕರೆ ಜಾಸ್ತಿ ಇರುವ ಮುದ್ದೆಯೇ ಒಳ್ಳೆಯದು, ಮೂಗು ಕಿವಿ ತಿದ್ದಿದರೆ ನಿಲ್ಲುತ್ತದೆ. ಬಾದಾಮಿ ಜಾಸ್ತಿ ಇರುವ ನಮ್ಮ ಮನೆ ಮುದ್ದೆ ಎಣ್ಣೆಯಿಂದ ಮೆತ್ತಗಾಗಿ ಬೊಂಬೆಯ ತಲೆ ವಾಲುತ್ತದೆ. ಅಂಥವರು ಪ್ಯಾಕೆಟ್ ತಗೊಳ್ಳಿ, ಆದರೆ ಬೊಂಬೆಗಷ್ಟೇ. ಕೇಕಿಗೆ ಹೊದಿಸಲು ಮನೆಯದ್ದೇ ಇರಲಿ.